ಬೀಟಾ ಸರಪಳಿಯಲ್ಲಿ ಒಂದು ಡಾಲ್ಟನ್ ಕಡಿಮೆ: ಅಮ್ಮನ ರಕ್ತದ ವರದಿಯನ್ನು ಓದುವುದು ಹೇಗೆ?

ಹೇಮಾವತಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ಪಿಯುಸಿ ಮುಗಿದ ಮೇಲೆ ರಸಾಯನಶಾಸ್ತ್ರದ ಪುಸ್ತಕ ತೆರೆದವನಲ್ಲ. ಆದರೆ ಎರಡು ತಿಂಗಳಿಂದ ನನ್ನ ಮೇಜಿನ ಮೇಲೆ ಅಮ್ಮನ ರಕ್ತದ ಒಂದು ವರದಿ ಇದೆ, ಅದನ್ನು ಅರ್ಥ ಮಾಡಿಕೊಳ್ಳದೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ಅಮ್ಮನಿಗೆ 64 ವರ್ಷ. ಸಕ್ಕರೆ ಕಾಯಿಲೆ ಬಂದು 11 ವರ್ಷವಾಯಿತು. ಮನೆಯಲ್ಲೇ ಬೆರಳು ಚುಚ್ಚಿ ನೋಡಿದ ಅಂಕಿಗಳನ್ನು ಅವರು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಆಯಾ ದಿನದ ಚೌಕದೊಳಗೆ, ಪೆನ್ಸಿಲಿನಿಂದ ಬರೆದಿಡುತ್ತಾರೆ. ಬರಿಹೊಟ್ಟೆಯಲ್ಲಿ 168, 174, 171. ಊಟವಾದ ಎರಡು ಗಂಟೆಗೆ 220, 231. ಕಳೆದ ವರ್ಷ ನಾವು ಹೋಗುತ್ತಿದ್ದ ಆಸ್ಪತ್ರೆಯಲ್ಲಿ, ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದಾಗ 5.1 ಎಂದು ಬಂತು. ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆ ಸುಮಾರು 100 ಇರಬೇಕು. ನಾನು ಕ್ಯಾಲೆಂಡರನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೋಗಿ ತೋರಿಸಿದೆ. ಅಲ್ಲಿನ ವೈದ್ಯರು ಮನೆಯ ಮೀಟರು ಕೆಟ್ಟಿರಬಹುದು ಎಂದು ಹೇಳಿ, 5.1 ಅನ್ನೇ ನಂಬಿ, ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ನಾಲ್ಕು ತಿಂಗಳ ನಂತರ ಅಮ್ಮನ ಕಾಲಿನ ಹೆಬ್ಬೆರಳಿನ ಪಕ್ಕ ಆದ ಗಾಯ ಆರು ವಾರವಾದರೂ ಒಣಗಲಿಲ್ಲ.

ಬೇರೊಬ್ಬ ವೈದ್ಯರು ಹಳೆಯ ವರದಿಯ ಜೊತೆಗಿದ್ದ ನಕ್ಷೆಯನ್ನು ತರಿಸಿ ನೋಡಿ, ಇಲ್ಲಿ ಇರಬಾರದ ಒಂದು ಪೀಕ್ (ನಕ್ಷೆಯ ಏರು ಗೆರೆ) ಇದೆ ಎಂದರು. ರಕ್ತದ ಮಾದರಿ ಬೆಂಗಳೂರಿನ ಒಂದು ಸಂಶೋಧನಾ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿನ ವಿಜ್ಞಾನಿಯೊಬ್ಬರು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡಿ ಕಳಿಸಿದ ವರದಿಯ ಸಾರ ಇಷ್ಟು: ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಯ ತೂಕ ಸರಿಯಾಗಿದೆ, ಬೀಟಾ ಸರಪಳಿಯ ಒಂದು ಪಾಲು 1 ಡಾಲ್ಟನ್ (ಅಣುಗಳ ತೂಕದ ಅಳತೆ) ಕಡಿಮೆ ಇದೆ, ಟ್ರಿಪ್ಸಿನ್ ತುಣುಕುಗಳಲ್ಲಿ 1378.7ರ ಜೊತೆಗೆ 1377.7 ಕಾಣಿಸಿದೆ, 121ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಅಮೈನೋ ಆಮ್ಲದ ಬದಲು ಗ್ಲುಟಾಮಿನ್ ಇದೆ, ಇದು ಹಿಮೋಗ್ಲೋಬಿನ್ ಡಿ ಪಂಜಾಬ್.

ಹದಿನೈದು ಸಾವಿರಕ್ಕೂ ಮಿಕ್ಕಿದ ತೂಕದಲ್ಲಿ ಒಂದು ಕಡಿಮೆಯಾದದ್ದನ್ನು ಯಂತ್ರ ಹೇಗೆ ಕಂಡುಹಿಡಿಯುತ್ತದೆ? ಆ 5.1 ತಪ್ಪಾದದ್ದು ಇದರಿಂದಲೇ? ತಲೆಮಾರುಗಳಿಂದ ಹಾಸನದ ಸೀಮೆ ದಾಟದ ನಮ್ಮ ಮನೆಗೆ ಪಂಜಾಬಿನ ಹೆಸರು ಯಾಕೆ ಬಂತು? ನನ್ನ ತಂಗಿಯ ಮಗಳಿಗೆ ಗಂಡು ನೋಡುತ್ತಿದ್ದಾರೆ, ಆದ್ದರಿಂದ ಈ ಮಾತನ್ನು ಮನೆಯಲ್ಲಿ ಎತ್ತುವ ಮೊದಲು ನನಗೆ ಸ್ಪಷ್ಟವಾಗಿ ತಿಳಿಯಬೇಕಾಗಿದೆ.

ಪ್ರಯೋಗಾಲಯದ ಬೆಳಕು (ಉತ್ತರ)

ಮಾನ್ಯರೇ, ನಾನು ಜಿಲ್ಲಾ ಮಟ್ಟದ ಪ್ರಯೋಗಾಲಯವೊಂದರಲ್ಲಿ ಟೆಕ್ನಿಷಿಯನ್. ಎಚ್‌ಬಿಎ1ಸಿ ಯಂತ್ರವನ್ನು ದಿನವೂ ನಡೆಸುವವನಾದ್ದರಿಂದ ಅದರ ಬಗ್ಗೆ ಮೊದಲು ಹೇಳುತ್ತೇನೆ.

ನಮ್ಮಲ್ಲಿರುವುದು ರಕ್ತದ ಘಟಕಗಳನ್ನು ಬೇರೆ ಬೇರೆ ಮಾಡಿ ತೋರಿಸುವ ಎಚ್‌ಪಿಎಲ್‌ಸಿ ಯಂತ್ರ. ಅದು ಹಿಮೋಗ್ಲೋಬಿನ್ನಿನ ತೂಕವನ್ನು ನೋಡುವುದಿಲ್ಲ, ಅದರ ಮೇಲಿನ ವಿದ್ಯುದಾವೇಶವನ್ನು ನೋಡುತ್ತದೆ. ಕಾಲಮ್ ಎಂಬ ಕೊಳವೆಯೊಳಗೆ ಬಿಟ್ಟ ರಕ್ತದ ದ್ರಾವಣದಲ್ಲಿ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಬೇಗ ಹೊರಬರುತ್ತದೆ, ಅಂಟದಿರುವುದು ತಡವಾಗಿ ಬರುತ್ತದೆ. ಯಾವುದು ಎಷ್ಟನೆಯ ಸೆಕೆಂಡಿಗೆ ಬಂತು ಎಂಬುದರ ಮೇಲೆ ಯಂತ್ರ ಅದಕ್ಕೆ ಹೆಸರು ಕೊಡುತ್ತದೆ. ಡಿ ಹಿಮೋಗ್ಲೋಬಿನ್ನಿನ ಆವೇಶ ಬೇರೆಯಾದ್ದರಿಂದ ಅದು ತನ್ನದೇ ಹೊತ್ತಿಗೆ ಹೊರಬರುತ್ತದೆ, ಅದಕ್ಕೆ ಅಂಟಿದ ಸಕ್ಕರೆಯ ಭಾಗವೂ ಎ1ಸಿ ಇರಬೇಕಾದ ಜಾಗದಲ್ಲಿ ಬರುವುದಿಲ್ಲ. ಕೆಲವು ಯಂತ್ರಗಳು ಒಟ್ಟು ಹಿಮೋಗ್ಲೋಬಿನ್ ಲೆಕ್ಕದಲ್ಲಿ ಡಿಯನ್ನು ಸೇರಿಸಿಕೊಂಡು, ಸಕ್ಕರೆ ಅಂಟಿದ ಲೆಕ್ಕದಲ್ಲಿ ಅದನ್ನು ಬಿಟ್ಟುಬಿಡುತ್ತವೆ. ಭಿನ್ನರಾಶಿಯ ಛೇದ ದೊಡ್ಡದಾಯಿತು, ಅಂಶ ಚಿಕ್ಕದಾಯಿತು. ನೀವು ಗಣಿತದ ಮೇಷ್ಟ್ರು, ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಡಿ ಬಂದವರಲ್ಲಿ ಅದು ಸಾಮಾನ್ಯವಾಗಿ ಒಟ್ಟು ಹಿಮೋಗ್ಲೋಬಿನ್ನಿನ ಶೇಕಡಾ 40ರ ಆಸುಪಾಸಿನಲ್ಲಿರುತ್ತದೆ. ನಿಜವಾದ 8.4ರಲ್ಲಿ ಆ 40 ಪಾಲು ಎಣಿಕೆಗೆ ಸಿಗದೆ ಹೋದರೆ ಉಳಿಯುವುದು 5ರ ಹತ್ತಿರದ ಅಂಕಿ. ನಿಮ್ಮ ಕ್ಯಾಲೆಂಡರಿನ ಅಂಕಿಗಳಿಗೆ 8.4 ಚೆನ್ನಾಗಿ ಹೊಂದುತ್ತದೆ.

ಇನ್ನು ಮಾಸ್ ಸ್ಪೆಕ್ಟ್ರೋಮೀಟರು ನೇರವಾಗಿ ತೂಕವನ್ನೇ ನೋಡುತ್ತದೆ. ಬೀಟಾ ಸರಪಳಿ 15,867 ಡಾಲ್ಟನ್ ಇರಬೇಕು. 15,866 ಬಂದರೆ ಅದು ಡಿ ಎಂದು ತಿಳಿಯುತ್ತದೆ.

ಸಂಪಿಗೆ ನೆರಳು (ಉತ್ತರ)

ಬೆಳಕು ಅವರು ಎಚ್‌ಪಿಎಲ್‌ಸಿ ಬಗ್ಗೆ ಹೇಳಿದ್ದು ಸರಿ. ಆದರೆ ಅವರ ಕೊನೆಯ ಮಾತನ್ನು ಹಾಗೆಯೇ ಬಿಡಲಾರೆ, ಏಕೆಂದರೆ ಈ ಸಂಶೋಧನೆಯ ನಿಜವಾದ ಕಷ್ಟವೂ ಸೊಗಸೂ ಇರುವುದು ಅಲ್ಲಿಯೇ. ನಾನು ಇಪ್ಪತ್ತು ವರ್ಷ ಪ್ರೋಟೀನುಗಳ ತೂಕ ನೋಡುವ ಕೆಲಸ ಮಾಡಿದವಳು, ಸ್ವಲ್ಪ ವಿಸ್ತಾರವಾಗಿ ಬರೆಯುವುದಕ್ಕೆ ಅನುಮತಿ ಕೊಡಿ.

ಮೊದಲು ಯಂತ್ರದ ವಿಚಾರ. ತೂಕ ಅಳೆಯಬೇಕಾದರೆ ಅಣುವನ್ನು ಆವಿಯಾಗಿ ಹಾರಿಸಬೇಕು, ಅದಕ್ಕೆ ವಿದ್ಯುದಾವೇಶ ಕೊಡಬೇಕು. ಪ್ರೋಟೀನಿನಂಥ ದೊಡ್ಡ ಅಣುವನ್ನು ಕಾಯಿಸಿ ಆವಿ ಮಾಡಲು ಹೋದರೆ ಅದು ಸೀದು ಹೋಗುತ್ತದೆ. 1980ರ ದಶಕದಲ್ಲಿ ಇದಕ್ಕೆ ಎರಡು ದಾರಿ ಸಿಕ್ಕಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಫೆನ್ ಪ್ರೋಟೀನಿನ ದ್ರಾವಣವನ್ನು ಹೆಚ್ಚಿನ ವೋಲ್ಟೇಜ್ ಕೊಟ್ಟ ಸೂಜಿಯ ತುದಿಯಿಂದ ತುಂತುರಾಗಿ ಸಿಂಪಡಿಸಿದರು. ಹನಿಗಳು ಆರುತ್ತಾ ಆರುತ್ತಾ ಕೊನೆಗೆ ಆವೇಶ ಹೊತ್ತ ಬರಿಯ ಪ್ರೋಟೀನ್ ಉಳಿಯುತ್ತದೆ. ಜಪಾನಿನ ಶಿಮಾಡ್ಜು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಕೊಯಿಚಿ ತನಾಕಾ ಲೇಸರ್ ಕಿರಣದಿಂದ ಪ್ರೋಟೀನನ್ನು ಒಡೆಯದೆ ಮೇಲೆಬ್ಬಿಸಿದರು. 2002ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೂ ಸಂದಿತು. ನಿಮ್ಮ ತಾಯಿಯವರ ರಕ್ತಕ್ಕೆ ಹೆಚ್ಚಾಗಿ ಬಳಕೆಯಾಗುವುದು ಫೆನ್ ಅವರ ತುಂತುರಿನ ವಿಧಾನ.

ಕೆಂಪು ರಕ್ತಕಣಗಳನ್ನು ಉಪ್ಪುನೀರಿನಲ್ಲಿ ತೊಳೆದು, ನೀರಿನಲ್ಲಿ ಒಡೆದು, ತಿಳಿಯಾದ ಕೆಂಪು ದ್ರವವನ್ನು ಆಮ್ಲ ಬೆರೆತ ದ್ರಾವಣದಲ್ಲಿ ತೆಳುವಾಗಿಸುತ್ತೇವೆ. ಆಮ್ಲದಲ್ಲಿ ಹಿಮೋಗ್ಲೋಬಿನ್ನಿನ ನಾಲ್ಕು ಸರಪಳಿಗಳು ಬಿಡಿಬಿಡಿಯಾಗುತ್ತವೆ, ಕಬ್ಬಿಣವಿರುವ ಹೀಮ್ ಕಳಚಿಕೊಳ್ಳುತ್ತದೆ. ಸೂಜಿಯಿಂದ ಹೊರಬೀಳುವ ಒಂದೊಂದು ಬೀಟಾ ಸರಪಳಿಯೂ ಒಂದೇ ಸಂಖ್ಯೆಯ ಪ್ರೋಟಾನುಗಳನ್ನು ಹೊತ್ತಿರುವುದಿಲ್ಲ. ಒಂದು 15 ಹೊತ್ತಿದ್ದರೆ ಇನ್ನೊಂದು 16 ಹೊತ್ತಿರುತ್ತದೆ. ಯಂತ್ರ ತೋರಿಸುವುದು ತೂಕವನ್ನಲ್ಲ, ತೂಕವನ್ನು ಆವೇಶದಿಂದ ಭಾಗಿಸಿದ ಅಂಕಿಯನ್ನು. ಹಾಗಾಗಿ ಒಂದೇ ಪ್ರೋಟೀನಿಗೆ ಪರದೆಯ ಮೇಲೆ ಸಾಲಾಗಿ ಹತ್ತಿಪ್ಪತ್ತು ಪೀಕುಗಳು ಬೆರಳು ಬಿಡಿಸಿದಂತೆ ನಿಲ್ಲುತ್ತವೆ. ಅಕ್ಕಪಕ್ಕದ ಎರಡು ಪೀಕುಗಳು 1058.8 ಮತ್ತು 992.7 ಎಂದುಕೊಳ್ಳಿ. ಮೊದಲನೆಯದರ ಆವೇಶ ನ, ಎರಡನೆಯದರದು ನ ಕೂಡಿಸು ಒಂದು. ಪ್ರೋಟಾನಿನ ತೂಕ 1.007. ಎರಡು ಸಮೀಕರಣ, ಎರಡು ಅವ್ಯಕ್ತ. ನಿಮ್ಮ ಹತ್ತನೆಯ ತರಗತಿಯ ಮಕ್ಕಳು ಕೂಡ ಆವೇಶ 15 ಎಂದೂ ತೂಕ ಸುಮಾರು 15,867 ಎಂದೂ ಬಿಡಿಸಿಯಾರು. ಒಂದೇ ತೂಕವನ್ನು ಹತ್ತಿಪ್ಪತ್ತು ಪೀಕುಗಳಿಂದ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಸರಾಸರಿ ತೆಗೆಯುವುದರಿಂದಲೇ ನಿಖರತೆ ಹೆಚ್ಚುತ್ತದೆ. ಅದರ ಮೇಲೆ, ಅದೇ ಮಾದರಿಯಲ್ಲಿರುವ ಆಲ್ಫಾ ಸರಪಳಿಯ ತೂಕ 15,126 ಎಂದು ಮೊದಲೇ ತಿಳಿದಿರುವುದರಿಂದ ಅದನ್ನೇ ತಕ್ಕಡಿಯ ಬಟ್ಟನ್ನಾಗಿ ಇಟ್ಟುಕೊಳ್ಳಬಹುದು.

ಈಗ ಬೆಳಕು ಅವರ ಮಾತಿಗೆ ಬರುತ್ತೇನೆ. ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯ ಎಸ್ ಹಿಮೋಗ್ಲೋಬಿನ್ನಿನಲ್ಲಿ ಬೀಟಾ ಸರಪಳಿಯ 6ನೆಯ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬಂದಿರುತ್ತದೆ, ತೂಕ 30 ಡಾಲ್ಟನ್ ಇಳಿಯುತ್ತದೆ. 15,837ರಲ್ಲಿ ಬೇರೆಯೇ ಪೀಕ್ ಏಳುವುದರಿಂದ ಅದನ್ನು ನೋಡಿದೊಡನೆ ಹೇಳಬಹುದು. ಆದರೆ ಡಿ ಪಂಜಾಬಿನಲ್ಲಿ ಗ್ಲುಟಾಮಿಕ್ ಆಮ್ಲ ಹೋಗಿ ಗ್ಲುಟಾಮಿನ್ ಬಂದಿದೆ: 1 ಡಾಲ್ಟನ್ ಕಡಿಮೆ. ಬಂಗಾಳ ಮತ್ತು ಈಶಾನ್ಯ ರಾಜ್ಯಗಳಲ್ಲಿ ಹೆಚ್ಚಾಗಿರುವ ಇ ಹಿಮೋಗ್ಲೋಬಿನ್ನಿನಲ್ಲಿ 26ನೆಯ ಗ್ಲುಟಾಮಿಕ್ ಆಮ್ಲ ಹೋಗಿ ಲೈಸಿನ್ ಬಂದಿದೆ: ಅದೂ 1 ಡಾಲ್ಟನ್ ಕಡಿಮೆ. ಪಶ್ಚಿಮ ಆಫ್ರಿಕಾ ಮೂಲದ ಸಿ ಹಿಮೋಗ್ಲೋಬಿನ್ನಿನಲ್ಲಿ 6ನೆಯ ಜಾಗಕ್ಕೆ ಲೈಸಿನ್ ಬಂದಿದೆ: ಅದೂ ಅಷ್ಟೇ. ಮೂರೂ 15,866. ಜೊತೆಗೆ, ತಾಯಿ ತಂದೆಯರಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದವರಲ್ಲಿ ಸಾಧಾರಣ ಬೀಟಾ ಕೂಡ ಅಲ್ಲೇ ಇರುತ್ತದೆ. 15,867 ಮತ್ತು 15,866 ಒಂದರ ಮೇಲೊಂದು ಬಿದ್ದು, ಸಾಮಾನ್ಯ ಯಂತ್ರದಲ್ಲಿ ಅರ್ಧ ಡಾಲ್ಟನ್ನಿನಷ್ಟು ಜಾರಿದ ಒಂದೇ ಪೀಕ್ ಕಾಣುತ್ತದೆ. ಅದನ್ನು ನೋಡಿ ಅನುಮಾನ ಪಡಬಹುದು, ಹೆಸರು ಹೇಳಲಾಗದು.

ಹೆಸರು ಹೇಳುವುದಕ್ಕೆ ಸರಪಳಿಯನ್ನು ಕತ್ತರಿಸಬೇಕು. ಟ್ರಿಪ್ಸಿನ್ ಎಂಬ ಕಿಣ್ವ ಲೈಸಿನ್ ಅಥವಾ ಆರ್ಜಿನಿನ್ ಬಂದ ಕಡೆಯಲ್ಲೆಲ್ಲಾ ಪ್ರೋಟೀನನ್ನು ತುಂಡರಿಸುತ್ತದೆ. 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟರೆ 146 ಅಮೈನೋ ಆಮ್ಲಗಳ ಬೀಟಾ ಸರಪಳಿ ಚಿಕ್ಕ ಚಿಕ್ಕ ತುಣುಕುಗಳಾಗಿರುತ್ತದೆ, ಪ್ರತಿಯೊಂದರ ತೂಕವನ್ನೂ ಮೊದಲೇ ಲೆಕ್ಕ ಹಾಕಿಡಬಹುದು. ಇ ಇದ್ದರೆ 26ರಲ್ಲಿ ಹೊಸ ಲೈಸಿನ್ ಬಂದುದರಿಂದ ಹೊಸದೊಂದು ಕತ್ತರಿ ಬೀಳುತ್ತದೆ: 1314.7ರ ತುಣುಕು ಮುರಿದು 916.5 ಕಾಣಿಸುತ್ತದೆ. ಸಿ ಇದ್ದರೆ 952.5ರ ಮೊದಲ ತುಣುಕು ಮುರಿದು 694.4 ಕಾಣಿಸುತ್ತದೆ. ಡಿ ಪಂಜಾಬಿನಲ್ಲಿ ಬಂದಿರುವುದು ಗ್ಲುಟಾಮಿನ್, ಅಲ್ಲಿ ಟ್ರಿಪ್ಸಿನ್ ಕತ್ತರಿಸುವುದಿಲ್ಲ. 121ರಿಂದ 132ರವರೆಗಿನ ತುಣುಕು ಇಡಿಯಾಗಿಯೇ ಉಳಿದು 1378.7ರ ಬದಲು 1377.7 ಆಗುತ್ತದೆ.

ನಿಮ್ಮ ವರದಿಯಲ್ಲಿರುವ ಆ ಎರಡು ಅಂಕಿಗಳು ನನಗೆ ಬಹಳ ಹಿಡಿಸಿದವು, ಯಾಕೆಂದು ಹೇಳುತ್ತೇನೆ. ಇಂಗಾಲದಲ್ಲಿ ನೂರಕ್ಕೆ ಒಂದರಷ್ಟು ಪರಮಾಣುಗಳು ಸಹಜವಾಗಿಯೇ ಒಂದು ಘಟಕ ಹೆಚ್ಚು ಭಾರವಾಗಿರುತ್ತವೆ. ಆದ್ದರಿಂದ ಯಾವ ತುಣುಕಿಗೂ ತನ್ನ ಮೊದಲ ಪೀಕಿನ ಬಲಗಡೆಗೆ 1379.7, 1380.7 ಎಂದು ಮೆಟ್ಟಿಲಿನ ಹಾಗೆ ಇಳಿಯುವ ಪೀಕುಗಳು ಇದ್ದೇ ಇರುತ್ತವೆ. ಎಡಗಡೆಗೆ ಏನೂ ಇರಕೂಡದು. ಅಲ್ಲಿ 1377.7 ಎದ್ದು ನಿಂತಿದೆ ಎಂದರೆ ಅದು ಬೇರೆಯದೇ ತುಣುಕು. ಅದನ್ನು ಯಂತ್ರದೊಳಗೇ ಆರಿಸಿ ಹಿಡಿದು, ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಮತ್ತೆ ಮುರಿದು, ಯಾವ ಅಮೈನೋ ಆಮ್ಲದ ಬಳಿ ತೂಕ ಬದಲಾಗುತ್ತದೆ ಎಂದು ನೋಡಿದಾಗ 121 ಎಂಬ ಸ್ಥಾನ ಸಿಗುತ್ತದೆ. ನಿಮ್ಮ ವಿಜ್ಞಾನಿ ಈ ಹೆಜ್ಜೆಗಳನ್ನು ಒಂದೂ ಬಿಡದೆ ನಡೆದಿದ್ದಾರೆ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಒಳ್ಳೆಯ ಪರಂಪರೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಅವರೂ ಅಮಿತ್ ಕುಮಾರ್ ಮಂಡಲ್ ಅವರೂ ಸಂಗಡಿಗರೊಡನೆ ರೋಗಿಗಳ ಮಾದರಿಗಳಲ್ಲಿ ಹಿಮೋಗ್ಲೋಬಿನ್ ಕ್ಯೂ ಇಂಡಿಯಾ ಎಂಬ ಇನ್ನೊಂದು ರೂಪಾಂತರವನ್ನೂ, ಎಸ್ ಮತ್ತು ಡಿ ಎರಡೂ ಕೂಡಿದ ಒಂದು ಪ್ರಸಂಗವನ್ನೂ ಮಾಸ್ ಸ್ಪೆಕ್ಟ್ರೋಮೀಟರಿನಿಂದ ಗುರುತಿಸಿ 2008ರಲ್ಲಿ ಪ್ರಕಟಿಸಿದರು. ಮಂಡಲ್ ಅವರು ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಕ್ಲಿನಿಕಲ್ ಪ್ರೋಟಿಯೋಮಿಕ್ಸ್ ಘಟಕದಲ್ಲಿಯೂ ಹಿಮೋಗ್ಲೋಬಿನ್ನಿನ ಮೇಲೆ ಕೆಲಸ ಮಾಡಿದ್ದಾರೆ. ಕ್ಯೂ ಇಂಡಿಯಾದ್ದು ಇನ್ನೊಂದು ಬಗೆಯ ಕಷ್ಟ. ಅದರಲ್ಲಿ ಆಲ್ಫಾ ಸರಪಳಿಯ 64ನೆಯ ಆಸ್ಪಾರ್ಟಿಕ್ ಆಮ್ಲದ ಬದಲು ಹಿಸ್ಟಿಡಿನ್ ಬಂದು ತೂಕ 22 ಡಾಲ್ಟನ್ ಏರುತ್ತದೆ. ಮಾದರಿಯಲ್ಲಿ ಉಪ್ಪಿನ ಅಂಶ ಉಳಿದು ಒಂದು ಸೋಡಿಯಂ ಅಂಟಿಕೊಂಡರೂ ತೂಕ ಏರುವುದು 22 ಡಾಲ್ಟನ್ನೇ. ಸರಿಯಾಗಿ ಉಪ್ಪು ತೆಗೆಯದ ಮಾದರಿಯನ್ನು ನೋಡಿ ಅವಸರಪಟ್ಟರೆ ಆರೋಗ್ಯವಂತನಿಗೂ ಕ್ಯೂ ಇಂಡಿಯಾ ಎಂದು ಬರೆದುಬಿಡಬಹುದು. ಇಂಥಲ್ಲಿಯೂ ಟ್ರಿಪ್ಸಿನ್ನೇ ಕೈಹಿಡಿಯುತ್ತದೆ.

ಪಂಜಾಬಿನ ಹೆಸರಿಗೆ ಗಾಬರಿ ಬೇಡ. ಹಿಮೋಗ್ಲೋಬಿನ್ನಿನ ರೂಪಾಂತರಗಳಿಗೆ ಮೊದಲು ಕಂಡ ಊರಿನ ಅಥವಾ ಹೆಚ್ಚಾಗಿ ಇರುವ ಸೀಮೆಯ ಹೆಸರಿಡುವುದು ರೂಢಿ. ಇದಕ್ಕೇ ಡಿ ಲಾಸ್ ಏಂಜಲೀಸ್ ಎಂಬ ಹೆಸರೂ ಇದೆ. ಪಂಜಾಬಿನ ಕಡೆ ಹೆಚ್ಚು, ಉಳಿದೆಡೆ ಅಲ್ಲೊಂದು ಇಲ್ಲೊಂದು ಕಾಣುತ್ತದೆ.

ಬಿಳಿಗಿರಿ ಹಾದಿ (ಉತ್ತರ)

ನಾನು ಚಾಮರಾಜನಗರದ ಕಡೆ ಹಾಡಿಗಳಲ್ಲಿ ಸಿಕಲ್ ಸೆಲ್ ತಪಾಸಣೆಯ ತಂಡದಲ್ಲಿ ಕೆಲಸ ಮಾಡಿದವಳು. ತಂಗಿಯ ಮಗಳ ಮದುವೆಯ ವಿಚಾರ ಬಂದುದರಿಂದ ನಾನು ಬರೆಯಲೇಬೇಕು ಅನಿಸಿತು.

ಡಿ ಒಂದು ಪಾಲು ಮಾತ್ರ ಇರುವವರಿಗೆ ಅದರಿಂದ ಕಾಯಿಲೆಯಿಲ್ಲ. ನಿಮ್ಮ ತಾಯಿಯವರು 64 ವರ್ಷ ಅದರ ಸುಳಿವೇ ಇಲ್ಲದೆ ಬದುಕಿದ್ದಾರೆ. ಆದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಡಿ ಪಂಜಾಬ್, ಇನ್ನೊಬ್ಬರಿಂದ ಎಸ್ ಬಂದ ಮಗುವಿಗೆ ಸಿಕಲ್ ಸೆಲ್ ಕಾಯಿಲೆಯೇ ಬರುತ್ತದೆ. ಮೂಳೆ ಕೀಲುಗಳ ಅಸಹನೀಯ ನೋವು, ರಕ್ತಹೀನತೆ, ಮತ್ತೆ ಮತ್ತೆ ಆಸ್ಪತ್ರೆ, ಎಲ್ಲವೂ ಬರಬಹುದು. ನಿಮ್ಮ ತಂಗಿಗೆ ಇದು ಬಂದಿರುವ ಸಂಭವ ಎರಡರಲ್ಲಿ ಒಂದು, ಅವರ ಮಗಳಿಗೆ ನಾಲ್ಕರಲ್ಲಿ ಒಂದು. ಮೊದಲು ತಂಗಿಯವರ ರಕ್ತ ನೋಡಿಸಿ. ಅವರಲ್ಲಿ ಇಲ್ಲವಾದರೆ ಈ ಕಡೆಯಿಂದ ಮಗಳಿಗೆ ಬಂದಿರುವುದಿಲ್ಲ. ಮಗಳಿಗೂ ಇದ್ದರೆ ಸಂಬಂಧ ಮುರಿಯುವ ಮಾತೇ ಬೇಡ. ಹುಡುಗನದೂ ಒಂದು ರಕ್ತಪರೀಕ್ಷೆ ಆದರೆ ಸಾಕು.

ನಮ್ಮ ಕಡೆ ಎಸ್ ಹೊಸದಲ್ಲ. ದಕ್ಷಿಣ ಭಾರತದಲ್ಲಿ ಅದನ್ನು ಮೊದಲು ವರದಿ ಮಾಡಿದ್ದು 1952ರಲ್ಲಿ, ನಮಗೆ ಹೊಂದಿಕೊಂಡೇ ಇರುವ ನೀಲಗಿರಿಯ ಬೆಟ್ಟದ ಜನರಲ್ಲಿ. 2023ರ ಜುಲೈಯಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನಾ ಅಭಿಯಾನ ಶುರುವಾದಾಗ 7 ಕೋಟಿ ಜನರ ತಪಾಸಣೆಯ ಗುರಿ ಇಡಲಾಯಿತು. ಹಾಡಿಯಲ್ಲಿ ಮರದ ಕೆಳಗೆ ಮೇಜು ಹಾಕಿಕೊಂಡು ಸಾಲ್ಯುಬಿಲಿಟಿ ಪರೀಕ್ಷೆ ಮಾಡುತ್ತೇವೆ. ಬೆರಳ ರಕ್ತವನ್ನು ದ್ರಾವಣಕ್ಕೆ ಹಾಕಿ, ಕೊಳವೆಯ ಹಿಂದೆ ಗೆರೆ ಎಳೆದ ಕಾಗದ ಹಿಡಿದರೆ, ಗೆರೆ ಕಂಡರೆ ಎಸ್ ಇಲ್ಲ, ಮಬ್ಬಾಗಿ ಗೆರೆ ಮರೆಯಾದರೆ ಎಸ್ ಇದೆ. ಅದು ಒಂದು ಪಾಲೋ ಎರಡು ಪಾಲೋ, ಜೊತೆಗೆ ಇನ್ನೇನಿದೆಯೋ, ಆ ಕೊಳವೆ ಹೇಳುವುದಿಲ್ಲ. ಎಷ್ಟೋ ಕಡೆ ನಂತರ ಮಾಡುತ್ತಿದ್ದ, ವಿದ್ಯುತ್ತು ಹರಿಸಿ ಪ್ರೋಟೀನುಗಳನ್ನು ಬೇರ್ಪಡಿಸುವ ಕ್ಷಾರೀಯ ಎಲೆಕ್ಟ್ರೋಫೊರೆಸಿಸ್‌ನಲ್ಲಿ ಎಸ್ ಮತ್ತು ಡಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಹಾಗಾಗಿ ಎಸ್ ಮತ್ತು ಡಿ ಕೂಡಿರುವ ಮಗು ಎರಡೂ ಪಾಲು ಎಸ್ ಇರುವ ಮಗುವಿನಂತೆಯೇ ಕಾಣುತ್ತದೆ. ಆಗ ತಂದೆ ತಾಯಿಯರ ಲೆಕ್ಕ ತಾಳೆಯಾಗುವುದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಎಸ್ ಇದ್ದು ಮಗುವಿಗೆ ಎರಡು ಪಾಲು ಎಂದು ಬಂದರೆ, ಮನೆಯಲ್ಲಿ ಆ ತಾಯಿ ಎಂಥ ಮಾತುಗಳನ್ನು ಕೇಳಬೇಕಾಗುತ್ತದೆ ಎಂದು ಊಹಿಸಿ. ಸರಿಯಾದ ಹೆಸರು ಸಿಗುವುದು ಚಿಕಿತ್ಸೆಗೆ ಎಷ್ಟು ಮುಖ್ಯವೋ, ಒಂದು ಸಂಸಾರದ ಮರ್ಯಾದೆಗೂ ಅಷ್ಟೇ ಮುಖ್ಯ.

ಹೇಮಾವತಿ ದಂಡೆ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಆ ಎರಡು ಸಮೀಕರಣಗಳನ್ನು ನಿನ್ನೆ ರಾತ್ರಿ ಕೂತು ಬಿಡಿಸಿದೆ. 15.003 ಬಂತು. ಆವೇಶ ಪೂರ್ಣಾಂಕವಾಗಿರಲೇಬೇಕು ಎಂಬ ಕಾರಣಕ್ಕೆ ಉತ್ತರ ತಾನಾಗಿಯೇ ತನ್ನ ಸಾಚಾತನ ತೋರಿಸಿಕೊಳ್ಳುವುದನ್ನು ಕಂಡು ಬಹಳ ಸಂತೋಷವಾಯಿತು.

ಸಂಪಿಗೆ ನೆರಳು ಮೇಡಂ, ಇನ್ನೊಂದು ಮಾತು ಕೇಳುತ್ತೇನೆ. ಇಷ್ಟು ನಿಖರವಾದ ಯಂತ್ರದಿಂದಲೇ ನೇರವಾಗಿ ಎಚ್‌ಬಿಎ1ಸಿ ಅಳೆದರೆ ಆಗದೇ? ಸಕ್ಕರೆಯೂ ಒಂದು ತೂಕವೇ ತಾನೇ? ಇದು ಸಂಶೋಧನಾಲಯದಲ್ಲಿಯೇ ಉಳಿದು, ನಮ್ಮಂಥವರ ಊರಿನ ಆಸ್ಪತ್ರೆಗೆ ಬಾರದಿರಲು ಕಾರಣವೇನು?

ಸಂಪಿಗೆ ನೆರಳು

ಸಕ್ಕರೆಯೂ ತೂಕವೇ. ಒಂದು ಗ್ಲೂಕೋಸ್ ಅಂಟಿದರೆ ಸರಪಳಿ 162 ಡಾಲ್ಟನ್ ಏರುತ್ತದೆ, 15,867ರ ಬೀಟಾ 16,029 ಆಗುತ್ತದೆ. ಪರದೆಯ ಮೇಲೆ ಅದನ್ನು ಕಣ್ಣಾರೆ ಕಾಣಬಹುದು. ಇನ್ನೂ ಮುಂದೆ 305 ಡಾಲ್ಟನ್ ಏರಿದ ಪೀಕೂ ಒಮ್ಮೊಮ್ಮೆ ಇರುತ್ತದೆ, ಅದು ಗ್ಲುಟಾಥಯೋನ್ ಎಂಬ ಚಿಕ್ಕ ಅಣು ಅಂಟಿದ ಬೀಟಾ, ಜೀವಕೋಶದ ಮೇಲೆ ಬಿದ್ದ ಆಕ್ಸಿಡೀಕರಣದ ಒತ್ತಡದ ಗುರುತು. ಬೆಂಗಳೂರಿನಲ್ಲಿ ನಡೆದ ಸಂಶೋಧನೆಯ ಒಂದು ಎಳೆ ಇದರ ಬೆನ್ನು ಹತ್ತಿಯೂ ಹೋಗಿದೆ.

ನಿಮ್ಮ ಯೋಚನೆ ಜಗತ್ತಿನ ಎಚ್‌ಬಿಎ1ಸಿ ಅಳತೆಯ ಬುಡದಲ್ಲಿಯೇ ಇದೆ. 2002ರಲ್ಲಿ ಅಂತರರಾಷ್ಟ್ರೀಯ ಕ್ಲಿನಿಕಲ್ ಕೆಮಿಸ್ಟ್ರಿ ಒಕ್ಕೂಟ ಒಪ್ಪಿದ ಮೂಲ ವಿಧಾನ ಹೀಗಿದೆ: ಗ್ಲುಟಾಮಿಕ್ ಆಮ್ಲದ ಬಳಿ ಕತ್ತರಿಸುವ ಒಂದು ಕಿಣ್ವದಿಂದ ಬೀಟಾ ಸರಪಳಿಯ ಮೊದಲ ಆರು ಅಮೈನೋ ಆಮ್ಲಗಳನ್ನು ಬಿಡಿಸಿಕೊಂಡು, ಸಕ್ಕರೆ ಅಂಟಿದ ತುಣುಕು ಎಷ್ಟು, ಅಂಟದ ತುಣುಕು ಎಷ್ಟು ಎಂದು ಮಾಸ್ ಸ್ಪೆಕ್ಟ್ರೋಮೀಟರಿನಿಂದಲೋ ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್‌ನಿಂದಲೋ ಅಳೆಯುವುದು. ನಿಮ್ಮ ತಾಯಿಯವರ ಬದಲಾವಣೆ ಇರುವುದು ದೂರದ 121ರಲ್ಲಿ. ಆದ್ದರಿಂದ ಅವರ ಸಾಧಾರಣ ಬೀಟಾದಿಂದಲೂ ಡಿ ಬೀಟಾದಿಂದಲೂ ಅದೇ ಆರರ ತುಣುಕು ಬರುತ್ತದೆ. ಎಸ್ ಇರುವವರಲ್ಲಿ ಹಾಗಾಗದು, ಅಲ್ಲಿ 6ರಲ್ಲಿ ಗ್ಲುಟಾಮಿಕ್ ಆಮ್ಲವೇ ಇಲ್ಲವಾದ್ದರಿಂದ ಕಿಣ್ವ ಆ ಜಾಗದಲ್ಲಿ ಕತ್ತರಿಸುವುದಿಲ್ಲ. ಆದರೆ ಈ ವಿಧಾನ ರೋಗಿಗಳ ದಿನನಿತ್ಯದ ಪರೀಕ್ಷೆಗಾಗಿ ಮಾಡಿದ್ದಲ್ಲ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದೇ ಮಾತು ಹೇಳುವಂತೆ ಅವುಗಳಿಗೆ ಅಳತೆ ಕಟ್ಟಿಕೊಡುವುದಕ್ಕೆ ಕೆಲವೇ ಪ್ರಯೋಗಾಲಯಗಳು ಇದನ್ನು ನಡೆಸುತ್ತವೆ.

ಊರಿನ ಆಸ್ಪತ್ರೆಗೆ ಬಾರದಿರುವುದಕ್ಕೆ ಹಣವೊಂದೇ ಕಾರಣವಲ್ಲ, ಹಣವೂ ಕಾರಣವೇ. ಒಳ್ಳೆಯ ಯಂತ್ರದ ಬೆಲೆ ಕೋಟಿಗಳ ಲೆಕ್ಕದಲ್ಲಿದೆ, ಎಡೆಬಿಡದೆ ವಿದ್ಯುತ್ತು, ಶುದ್ಧ ಅನಿಲ, ತರಬೇತಾದ ಕೈ ಬೇಕು. ಅದಕ್ಕಿಂತ ಸೂಕ್ಷ್ಮವಾದ ಕಾರಣವೊಂದಿದೆ. ಮಾಸ್ ಸ್ಪೆಕ್ಟ್ರೋಮೀಟರು ಒಂದು ವಸ್ತು ಯಾವುದು ಎಂದು ಹೇಳುವುದರಲ್ಲಿ ನಿಪುಣ, ಅದು ಎಷ್ಟಿದೆ ಎಂದು ಹೇಳುವುದರಲ್ಲಿ ಅಷ್ಟು ನಂಬಿಕಸ್ಥನಲ್ಲ. ಎರಡು ತುಣುಕುಗಳು ಸಮಪ್ರಮಾಣದಲ್ಲಿದ್ದರೂ ಒಂದು ಸುಲಭವಾಗಿ ಆವೇಶ ಹೊತ್ತು ಎತ್ತರದ ಪೀಕ್ ಕೊಡುತ್ತದೆ, ಇನ್ನೊಂದು ಸಪ್ಪೆಯಾಗಿರುತ್ತದೆ. ಪ್ರಮಾಣ ಖಚಿತವಾಗಬೇಕಾದರೆ ಅದೇ ತುಣುಕನ್ನು ಭಾರದ ಇಂಗಾಲ, ಸಾರಜನಕಗಳಿಂದ ಕಟ್ಟಿ, ಗೊತ್ತಿರುವ ಪ್ರಮಾಣದಲ್ಲಿ ಬೆರೆಸಿ, ಅದರೊಂದಿಗೆ ಹೋಲಿಸಬೇಕು. ಒಂದೊಂದು ಪ್ರೋಟೀನಿಗೂ ಹೀಗೆ ವಿಧಾನ ಕಟ್ಟಿ ಸಾವಿರಾರು ಮಾದರಿಗಳಲ್ಲಿ ಪರೀಕ್ಷಿಸುವುದು ನಿಧಾನದ ಕೆಲಸ. ಪ್ರಶ್ನೆ "ಎಷ್ಟು" ಎಂಬುದಾಗಿರದೆ "ಯಾವುದು" ಎಂಬುದಾಗಿರುವ ಕಡೆ ಈ ಯಂತ್ರ ಈಗಾಗಲೇ ಆಸ್ಪತ್ರೆಯೊಳಗೆ ಬಂದು ಕೂತಿದೆ. ಸೋಂಕಿನ ಬ್ಯಾಕ್ಟೀರಿಯಾ ಯಾವುದೆಂದು ಅದರ ಪ್ರೋಟೀನುಗಳ ತೂಕದಿಂದ ಹೇಳುವ ಮಾಲ್ಡಿ-ಟಾಫ್ ಯಂತ್ರ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಇದೆ.

ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿದ್ದು ವೆರ್ನನ್ ಇಂಗ್ರಾಮ್ ಅವರ ಪ್ರಯೋಗ ಓದಿದಾಗ. ಸಿಕಲ್ ಸೆಲ್ ಒಂದು ಅಣುವಿನ ಕಾಯಿಲೆ ಎಂದು 1949ರಲ್ಲಿಯೇ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿದ್ದರು. ಅಣುವಿನಲ್ಲಿ ಎಲ್ಲಿ ಎಂಬುದು ತಿಳಿದಿರಲಿಲ್ಲ. ಕೇಂಬ್ರಿಜ್‌ನಲ್ಲಿ ಇಂಗ್ರಾಮ್ ಹಿಮೋಗ್ಲೋಬಿನ್ನನ್ನು ಇದೇ ಟ್ರಿಪ್ಸಿನ್ನಿನಿಂದ ಕತ್ತರಿಸಿ, ತುಣುಕುಗಳನ್ನು ಕಾಗದದ ಮೇಲೆ ಹರಡಿ, ಬಣ್ಣ ಬರಿಸಿ, ಜಾಗ ಬದಲಿಸಿದ ಒಂದೇ ಒಂದು ಚುಕ್ಕೆಯನ್ನು ಹುಡುಕಿದರು. 1957ರ ಹೊತ್ತಿಗೆ ಅದು ಒಂದೇ ಅಮೈನೋ ಆಮ್ಲದ ಅದಲುಬದಲು ಎಂದು ಖಚಿತವಾಯಿತು. ನಿಮ್ಮ ವರದಿಯ 1377.7 ಆ ಚುಕ್ಕೆಯ ವಂಶದ್ದೇ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಸರಳ. ಬೊರೊನೇಟ್ ಅಫಿನಿಟಿ ಎಂಬ ವಿಧಾನದಲ್ಲಿ ಎಚ್‌ಬಿಎ1ಸಿ ಮಾಡುವ ಪ್ರಯೋಗಾಲಯ ಹುಡುಕಿ. ಅದು ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯನ್ನೇ ಹಿಡಿಯುವುದರಿಂದ ಅದಕ್ಕೆ ಡಿ ಅಡ್ಡಿಯಾಗುವುದಿಲ್ಲ. ಫ್ರಕ್ಟೋಸಮೀನ್ ಪರೀಕ್ಷೆ ಹಿಮೋಗ್ಲೋಬಿನ್ನಿನ ತಂಟೆಗೇ ಹೋಗದೆ ರಕ್ತದ್ರವದ ಪ್ರೋಟೀನುಗಳನ್ನು ನೋಡುತ್ತದೆ, ಅದೂ ಆದೀತು. ಕ್ಯಾಲೆಂಡರನ್ನು ಮಾತ್ರ ನಿಲ್ಲಿಸಬೇಡಿ.

ಪ್ರಯೋಗಾಲಯದ ಬೆಳಕು

ನನ್ನ ತಪ್ಪನ್ನು ತಿದ್ದಿದ್ದಕ್ಕೆ ಮೇಡಂ ಅವರಿಗೆ ಕೃತಜ್ಞತೆಗಳು. ಇ ಮತ್ತು ಡಿ ಎರಡೂ ಒಂದೇ ತೂಕದವು ಎಂಬುದನ್ನು ನಾನು ಎಂದೂ ಯೋಚಿಸಿರಲಿಲ್ಲ. ಇನ್ನು ಮೇಲೆ ಅಸಹಜ ಪೀಕ್ ಕಂಡ ವರದಿಯಲ್ಲಿ ಬರಿಯ ಅಂಕಿ ಬರೆಯದೆ, ನಕ್ಷೆಯನ್ನೂ ಲಗತ್ತಿಸಿ ವೈದ್ಯರಿಗೆ ಫೋನು ಮಾಡಿ ತಿಳಿಸಬೇಕೆಂದು ನಮ್ಮ ಪ್ರಯೋಗಾಲಯದಲ್ಲಿ ಮಾತಾಡಿಕೊಂಡಿದ್ದೇವೆ.

ಹೇಮಾವತಿ ದಂಡೆ (ಮೂರು ವಾರಗಳ ನಂತರ)

ಬೊರೊನೇಟ್ ವಿಧಾನದಲ್ಲಿ ಅಮ್ಮನ ಎಚ್‌ಬಿಎ1ಸಿ 8.2 ಬಂತು. ವೈದ್ಯರು ಮಾತ್ರೆಯನ್ನು ಮೊದಲಿನ ಪ್ರಮಾಣಕ್ಕೆ ತಂದು, ಇನ್ನೊಂದನ್ನು ಸೇರಿಸಿದ್ದಾರೆ. ನಿನ್ನೆಯ ಚೌಕದಲ್ಲಿ ಬರಿಹೊಟ್ಟೆಯದು 132 ಎಂದಿದೆ. ಗಾಯದ ಅಂಚು ಒಳಮುಖವಾಗಿ ಕೂಡಿಕೊಳ್ಳುತ್ತಿದೆ ಎಂದು ಡ್ರೆಸಿಂಗ್ ಮಾಡುವ ಸಿಸ್ಟರ್ ಹೇಳಿದರು. ತಂಗಿಗೆ ಎಲ್ಲವನ್ನೂ ಕಾಗದದ ಮೇಲೆ ಬರೆದು ವಿವರಿಸಿದೆ. ಅವಳು ಹೆದರಲಿಲ್ಲ, ರಕ್ತ ಕೊಡಲು ಒಪ್ಪಿದ್ದಾಳೆ. ಸೋಮವಾರ ನಾನೇ ಬಸ್ಸಿನಲ್ಲಿ ಮಾದರಿಯನ್ನು ಬೆಂಗಳೂರಿಗೆ ಒಯ್ಯುತ್ತೇನೆ. ದಾರಿಯಲ್ಲಿ ಕೆಡದಂತೆ ಹೇಗೆ ಇಟ್ಟುಕೊಳ್ಳಬೇಕು?

ಸಂಪಿಗೆ ನೆರಳು

ನೇರಳೆ ಮುಚ್ಚಳದ ಇಡಿಟಿಎ (ರಕ್ತ ಗರಣೆಗಟ್ಟದಂತೆ ತಡೆಯುವ) ಕೊಳವೆಯಲ್ಲಿ ತೆಗೆಸಿ, ಐದಾರು ಬಾರಿ ಮೆಲ್ಲಗೆ ಮಗುಚಿ, ಬಟ್ಟೆ ಸುತ್ತಿ ಮಂಜುಗಡ್ಡೆ ಚೀಲವಿರುವ ಡಬ್ಬಿಯಲ್ಲಿ ನಿಲ್ಲಿಸಿಕೊಂಡು ಹೋಗಿ. ಕೊಳವೆ ನೇರವಾಗಿ ಮಂಜುಗಡ್ಡೆಗೆ ತಾಗಿ ರಕ್ತ ಮಂಜಿನಂತೆ ಗಟ್ಟಿಯಾಗಕೂಡದು, ಹಾಗಾದರೆ ಕಣಗಳು ಒಡೆದು ತೊಳೆಯಲು ಬಾರದಂತಾಗುತ್ತವೆ. ಚೀಟಿಯ ಮೇಲೆ ತಂಗಿಯವರ ಹೆಸರಿನ ಜೊತೆ ರಕ್ತ ತೆಗೆದ ದಿನ ಮತ್ತು ಗಂಟೆಯನ್ನು ಬರೆಸಿ, ಅಮ್ಮನ ವರದಿಯ ಪ್ರತಿಯೊಂದನ್ನು ಜೊತೆಗಿಡಿ. 1377.7 ಎಲ್ಲಿ ನೋಡಬೇಕೆಂದು ಅವರಿಗೆ ಮೊದಲೇ ಗೊತ್ತಿದ್ದರೆ ಕೆಲಸ ಬೇಗ ಮುಗಿಯುತ್ತದೆ.